ನಾಲ್ಕನೇ ಹೆಜ್ಜೆ ಸ್ವಲ್ಪ ನಿಧಾನ

"ಅಬ್ಲಾ, ನಾವಿಬ್ಬರೂ ಒಳಗೆ ಬರುವಾಗ ಯಾವ ಸಂಗೀತ ಹಾಕಿಸಲಿ?"

ಟರ್ಕಿಯ ಇಜ್ಮಿರ್‌ನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೆಲಸ ಮಾಡುವ, ಮದುವೆ ಗೊತ್ತಾಗಿದ್ದ ಹುಡುಗಿ ಜೂನ್ ತಿಂಗಳ ಒಂದು ಮಧ್ಯಾಹ್ನ ಹೀಗೆ ಕೇಳಿದಳು. ಅಬ್ಲಾ ಅಂದರೆ ಅಕ್ಕ. ಈ ಊರಿಗೆ ಬಂದು ಆರು ವರ್ಷದಲ್ಲಿ ಟರ್ಕಿಯ ಮದುವೆಗಳಿಗೆ ಹೋಗಿ ಊಟ ಮಾಡಿ ಬಂದದ್ದು ಎಷ್ಟೋ ಸಲ. ಮದುವೆ ಮನೆಯ ಒಳಮಾತಿಗೆ ನನ್ನನ್ನು ಕೂರಿಸಿಕೊಂಡದ್ದು ಮಾತ್ರ ಇದೇ ಮೊದಲು. ಸಂತೋಷವೂ ಆಯಿತು, ಭಯವೂ ಆಯಿತು.

ಹಾಸನದ ಕಡೆಯ ನಮ್ಮ ಮನೆಯ ಮದುವೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತರುವಾಗ ವಾಲಗದವರು ಊದುತ್ತಿರುತ್ತಾರೆ. ಏನು ಊದಬೇಕೆಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಪುರೋಹಿತರು "ಗಟ್ಟಿಮೇಳ" ಎಂದು ಕೈ ಎತ್ತಿದರೆ ಗಟ್ಟಿಮೇಳ, ಅಷ್ಟೇ. ಇಲ್ಲಿ ಹಾಗಲ್ಲ. ಅತಿಥಿಗಳೆಲ್ಲ ಸಂಜೆ ಮೊದಲೇ ಬಂದು ಮೇಜುಗಳ ಸುತ್ತ ಕೂತಿರುತ್ತಾರೆ, ಮದುಮಕ್ಕಳು ಪಕ್ಕದ ಕೋಣೆಯಲ್ಲಿ ಕಾಯುತ್ತಿರುತ್ತಾರೆ. ದೀಪ ಇಳಿಯುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಸಂಗೀತ ಏಳುತ್ತದೆ, ಇಬ್ಬರೂ ಕೈ ಹಿಡಿದುಕೊಂಡು ಜನರ ನಡುವೆ ನಡೆದು ಬರುತ್ತಾರೆ. 1926ರಲ್ಲಿ ನಾಗರಿಕ ಸಂಹಿತೆ ಬಂದ ಮೇಲೆ ಇಲ್ಲಿ ಕಾನೂನಿನ ಮದುವೆ ಅಂದರೆ ಅಧಿಕಾರಿಯ ಎದುರು "ಹೌದು" ಎಂದು ಸಹಿ ಹಾಕುವುದು. ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸಹಿ ಹಾಕುವಾಗ ಯಾರು ಯಾರ ಕಾಲು ಮೊದಲು ತುಳಿಯುತ್ತಾರೋ ಮನೆಯಲ್ಲಿ ಅವರ ಮಾತು ನಡೆಯುತ್ತದೆ ಎಂದು ಎಲ್ಲರೂ ನಗುತ್ತಾರೆ. ಮಂತ್ರವಿಲ್ಲ, ಅಂತರಪಟವಿಲ್ಲ. ಹಾಗಾಗಿ ಮದುಮಕ್ಕಳು ನಡೆದು ಬರುವ ಆ ಒಂದು ನಿಮಿಷದ ಮೇಲೆಯೇ ಎಲ್ಲರ ಜೀವ.

ಮದುಮಗಳಿಗೆ ಟರ್ಕಿಶ್‌ನಲ್ಲಿ ಗೆಲಿನ್ ಎನ್ನುತ್ತಾರೆ. "ಗೆಲ್" ಅಂದರೆ ಬಾ. ಗೆಲಿನ್ ಅಂದರೆ ಬರುವವಳು. ಸೊಸೆಗೂ ಅದೇ ಮಾತು. ಇದು ಗೊತ್ತಾದ ದಿನದಿಂದ ನನಗೆ ಈ ಸಂಗೀತದ ಆಯ್ಕೆ ಬರೀ ಅಲಂಕಾರದ ವಿಷಯ ಎನಿಸಿಲ್ಲ. ಬರುವವಳು ಎಂದೇ ಹೆಸರಿಟ್ಟ ಮೇಲೆ, ಅವಳು ಬರುವ ದಾರಿಯಲ್ಲಿ ಏನು ಕೇಳಬೇಕು ಎಂದು ಯೋಚಿಸಲೇಬೇಕಲ್ಲ.

ಅವಳ ಫೋನಿನಲ್ಲಿ 23 ಹಾಡುಗಳಿದ್ದವು. ನಾನು ಒಂದು ವಾರ ಕಾರ್ಶಿಯಾಕಾದಿಂದ ಕೊನಾಕ್‌ಗೆ ಹೋಗುವ ಫೆರಿಯಲ್ಲಿ ಕೂತು, ಕೈಯಲ್ಲಿ ಚಹಾದ ಪುಟ್ಟ ಗಾಜಿನ ಲೋಟ ಹಿಡಿದು, ಒಂದೊಂದನ್ನೂ ಕೇಳಿದೆ. ಪಿಯಾನೋ ಮತ್ತು ಪಿಟೀಲಿನ ವಿದೇಶಿ ಪ್ರೇಮಗೀತೆಗಳು, ಮೆಲುದನಿಯ ಟರ್ಕಿಶ್ ಪಾಪ್ ಹಾಡುಗಳು, ಸಿನಿಮಾ ಟ್ರೇಲರಿನ ಹಾಗೆ ನಗಾರಿ ಬಡಿಯುವ ತುಣುಕುಗಳು. ಒಂದು ಮೆಹ್ತರ್ ಕೂಡ ಇತ್ತು. ಅದು ಆಟೊಮನ್ ಸೇನೆಯ ವಾದ್ಯಮೇಳ. ಅದರ ನಡಿಗೆಗೆ ಹೆಜ್ಜೆ ಹಾಕಿ ಒಳಬರುವ ಮದುಮಗಂದಿರೂ ಇದ್ದಾರೆ. ನನಗೆ ಯುದ್ಧಕ್ಕೆ ಹೊರಟ ಹಾಗೆ ಕೇಳಿಸಿತು, ಮೊದಲು ಅದನ್ನೇ ತೆಗೆದೆ.

ಇಯರ್‌ಫೋನಿನಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು. ಆದರೆ ಎರಡು ತೊಡಕು. ಒಂದು, ಹಾಡಿಗೆ ಅರಳಲು ಸಮಯ ಬೇಕು. ಅವರು ಗೊತ್ತುಮಾಡಿದ್ದ ತೋಟದಲ್ಲಿ ಗೇಟಿನಿಂದ ಕುಣಿಯುವ ಕಟ್ಟೆಯವರೆಗೆ ಸುಮಾರು 24 ಮೀಟರ್. ಅವಳು ನಿಧಾನವಾಗಿ ನಡೆದರೂ 40 ಸೆಕೆಂಡಿನಲ್ಲಿ ತಲುಪಿಬಿಡುತ್ತಾಳೆ. ಹಾಡಿನ ಮುನ್ನುಡಿ ಮುಗಿದು ಗಾಯಕ ಬಾಯಿ ತೆರೆಯುವ ಹೊತ್ತಿಗೆ ಇವರು ಬಂದು ನಿಂತೂ ಆಗಿರುತ್ತದೆ. ಇನ್ನೊಂದು ತೊಡಕು ಮಾತಿನದು. ಟರ್ಕಿಯ ಪ್ರೇಮಗೀತೆಗಳಲ್ಲಿ ಅಗಲಿಕೆಯದೇ ದೊಡ್ಡ ಪಾಲು. ರಾಗ ಜೇನಿನಂತೆ ಇರುತ್ತದೆ, ಸಾಲು ಬಿಡಿಸಿ ನೋಡಿದರೆ "ನೀನು ಹೋದೆ, ಮನೆ ಬರಿದಾಯಿತು" ಎಂಬ ಅರ್ಥ. ಅವಳ ಪಟ್ಟಿಯಲ್ಲಿ ಅಂಥವು ಮೂರಿದ್ದವು. ಅವಳು ಚಿಕ್ಕಂದಿನಿಂದ ಕೇಳಿದ ಹಾಡುಗಳಾದ್ದರಿಂದ ಅವಳ ಕಿವಿಗೆ ಬರೀ ರಾಗ ಬೀಳುತ್ತಿತ್ತು. ನಾನು ಭಾಷೆಯನ್ನು ಪದ ಪದವಾಗಿ ಕಲಿತವಳು, ನನಗೆ ಮಾತು ಮೊದಲು ಕೇಳಿಸುತ್ತಿತ್ತು.

ಅಷ್ಟರಲ್ಲಿ ಎರಡೂ ಮನೆಯವರು ಮಾತಿಗೆ ಬಂದರು. ಹುಡುಗಿಯ ತಾಯಿಯ ತವರು ಓದೆಮಿಶ್, ಇಜ್ಮಿರ್ ಪ್ರಾಂತದ ಒಳನಾಡು, ಅಂಜೂರ ಮತ್ತು ಆಲಿವ್ ತೋಟಗಳ ಸೀಮೆ. ಹುಡುಗನದು ಕಿರ್‌ಶೆಹಿರ್, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಬೇಕಾದ ನಡುನಾಡು. ಹುಡುಗನ ತಂದೆಗೆ ನಾನೂ ಅಮ್ಜಾ ಎನ್ನುತ್ತೇನೆ, ನಮ್ಮ ಚಿಕ್ಕಪ್ಪ, ದೊಡ್ಡಪ್ಪ ಎನ್ನುವ ಹಾಗೆ. ಅವರು ಒಂದೇ ಮಾತು ಹೇಳಿದರು: "ದಾವುಲ್, ಜುರ್ನಾ ಇಲ್ಲದೆ ನನ್ನ ಮಗ ಒಳಗೆ ಬರುವುದಿಲ್ಲ."

ದಾವುಲ್ ಅಂದರೆ ಹೆಗಲಿಗೆ ಪಟ್ಟಿ ಹಾಕಿ ನೇತುಹಾಕಿಕೊಳ್ಳುವ ದೊಡ್ಡ ಡೋಲು. ಜುರ್ನಾ ನಮ್ಮ ಶಹನಾಯಿ, ಮುಖವೀಣೆಗಳ ಬಳಗದ್ದು. ಅಮ್ಜಾ ಅವರ ಊರಿನಲ್ಲಿ ಇವನ್ನು ನುಡಿಸುವವರು ಅಬ್ದಾಲ್ ಸಮುದಾಯದವರು, ತಲೆತಲಾಂತರದಿಂದ ಮದುವೆಗಳಲ್ಲಿ ನುಡಿಸಿ ಬದುಕಿದವರು. ಟರ್ಕಿಯೆಲ್ಲ ತಲೆಯ ಮೇಲೆ ಹೊತ್ತುಕೊಂಡ ಜನಪದ ಗಾಯಕ ನೆಶೆತ್ ಎರ್ತಾಶ್ ಆ ಸಮುದಾಯದವರೇ. 1938ರಲ್ಲಿ ಕಿರ್‌ಶೆಹಿರ್ ಸೀಮೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ತಂದೆಯ ಜೊತೆ ಮದುವೆ ಮನೆಗಳಿಗೆ ನುಡಿಸಲು ಹೋದವರು. ಬಾಲಮಾ ಎಂಬ ತಂತಿವಾದ್ಯ ಹಿಡಿದು ಹಾಡಿದರೆ ಗಟ್ಟಿಗರೂ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಸರ್ಕಾರ "ರಾಜ್ಯ ಕಲಾವಿದ" ಎಂಬ ಬಿರುದು ಕೊಡಲು ಬಂದಾಗ, ನಾವೆಲ್ಲರೂ ಈ ರಾಜ್ಯದ ಕಲಾವಿದರೇ ಎಂದು ಬೇಡವೆಂದವರು. 2012ರಲ್ಲಿ ಅವರು ತೀರಿಕೊಂಡದ್ದು ಇದೇ ಇಜ್ಮಿರ್‌ನಲ್ಲಿ. ಇದನ್ನು ಹೇಳುವಾಗ ಅಮ್ಜಾ ಸಕ್ಕರೆ ಕಲಕುತ್ತಿದ್ದ ಚಮಚವನ್ನು ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನಾದರು. ನಮ್ಮ ಮನೆಯ ಹಿರಿಯರು ಒಬ್ಬ ನಾದಸ್ವರ ವಿದ್ವಾಂಸರ ಹೆಸರು ಹೇಳಿ ಸುಮ್ಮನಾಗುತ್ತಿದ್ದದ್ದು ಹೀಗೇ.

ಹುಡುಗಿಗೆ ಇದು ಹಿಡಿಸಲಿಲ್ಲ. "ದಾವುಲ್, ಜುರ್ನಾ ಬೀದಿಗೆ ಸರಿ. ಮನೆಯಿಂದ ನನ್ನನ್ನು ಕರೆದುಕೊಂಡು ಹೋಗುವಾಗ ಹೇಗೂ ಬಾರಿಸುತ್ತಾರೆ. ಸಂಜೆ ಒಳಗೆ ಬರುವಾಗಲಾದರೂ ನನಗೆ ಬೇಕಾದದ್ದು ಬೇಡವೇ?" ಅವಳಿಗೆ ಬೇಕಾದದ್ದು ಒಂದು ಪಿಯಾನೋ ತುಣುಕು. ಅವರಿಬ್ಬರೂ ಮೊದಲು ಭೇಟಿಯಾದ ಕಾಫಿ ಅಂಗಡಿಯಲ್ಲಿ ಕೇಳಿದ್ದು. ಅವಳ ಕಡೆಯೂ ನ್ಯಾಯವಿತ್ತು.

ನಾನು ಯೋಚಿಸಿ ಅವಳಿಗೆ ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. "ನೋಡು, ಮೊದಲ ಡಾನ್ಸ್ ನಿಮ್ಮಿಬ್ಬರದು. ಅಲ್ಲಿ ಪಿಯಾನೋ ಹಾಕಿಸು, ಯಾರೂ ಬಾಯಿ ಹಾಕುವಂತಿಲ್ಲ. ಆದರೆ ಒಳಗೆ ಬರುವಾಗ ನೀನು ಜನರ ನಡುವೆ ನಡೆಯುತ್ತೀಯ. ಅಜ್ಜಿ, ಮಾವ, ಕಿರ್‌ಶೆಹಿರ್‌ನಿಂದ ಬಂದ ನಲವತ್ತು ಜನ, ಎಲ್ಲರೂ ನಿನ್ನನ್ನು ನೋಡಲು ಎದ್ದು ನಿಂತಿರುತ್ತಾರೆ. ಅವರ ಕೈ ತಾನಾಗಿ ಚಪ್ಪಾಳೆಗೆ ಏಳಬೇಕು. ಅವರಿಗೆ ಗೊತ್ತಿಲ್ಲದ ಸಂಗೀತ ಹಾಕಿದರೆ ಅವರು ಫೋನ್ ಎತ್ತುತ್ತಾರೆ, ಕೈ ಎತ್ತುವುದಿಲ್ಲ."

ದಾರಿ ತೋರಿಸಿದ್ದು ಅವಳ ದಾಯಿ. ದಾಯಿ ಅಂದರೆ ತಾಯಿಯ ಅಣ್ಣ ಅಥವಾ ತಮ್ಮ, ಅಂದರೆ ಸೋದರಮಾವನೇ. ಅವರು ಓದೆಮಿಶ್‌ನವರು, ಝೇಬೆಕ್ ಕುಣಿಯುವವರು. ಏಜಿಯನ್ ಸೀಮೆಯ ಈ ಕುಣಿತದಲ್ಲಿ ತೋಳುಗಳನ್ನು ಹದ್ದಿನ ರೆಕ್ಕೆಯ ಹಾಗೆ ಬಿಚ್ಚಿ, ತುಂಬಾ ನಿಧಾನವಾಗಿ ಸುತ್ತಿ, ಮಂಡಿಯನ್ನು ನೆಲಕ್ಕೆ ಮುಟ್ಟಿಸಿ ಏಳುತ್ತಾರೆ. ಅವಸರವಿಲ್ಲ, ಜಿಗಿದಾಟವಿಲ್ಲ, ಮೈಯೆಲ್ಲ ಗಾಂಭೀರ್ಯ. "ಝೇಬೆಕ್ ನಮ್ಮದು, ದಾವುಲ್ ಜುರ್ನಾ ಅವರದೂ ನಮ್ಮದೂ. ಝೇಬೆಕ್‌ಗೆ ಅದಕ್ಕಿಂತ ಒಪ್ಪುವ ವಾದ್ಯ ಯಾವುದಿದೆ?" ಎಂದು ಅಡುಗೆಮನೆಯ ಮೇಜನ್ನು ಗೋಡೆಗೆ ಸರಿಸಿ ನಾಲ್ಕು ಹೆಜ್ಜೆ ಹಾಕಿ ತೋರಿಸಿದರು. ಹುಡುಗಿ ತಂದೆಯ ಮುಖ ನೋಡಿದಳು, ಅಮ್ಜಾ ಮುಖ ನೋಡಿದಳು. ಅಮ್ಜಾ ತಲೆ ಅಲ್ಲಾಡಿಸಿ, "ಬಂದ ಮೇಲೆ ನಮ್ಮದೂ ಒಂದು ಹವಾ ಆಗಬೇಕು" ಎಂದರು. ಇಲ್ಲಿ ಧಾಟಿಗೂ ಹವಾ ಎನ್ನುತ್ತಾರೆ.

ತೋಟದ ಮ್ಯಾನೇಜರ್ ಮಾತ್ರ ಕೊನೆಯವರೆಗೂ ಕಾಡಿದ. ತಮ್ಮ ಡಿಜೆ ಇರುವಾಗ ಹೊರಗಿನ ವಾದ್ಯದವರನ್ನು ತಂದರೆ ಬೇರೆ ಹಣ ಕಟ್ಟಬೇಕು ಎಂದ, ರೆಕಾರ್ಡ್ ಹಾಕುತ್ತೇವೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದ. ಹಣ ಕಟ್ಟಿದರು. ವ್ಯತ್ಯಾಸ ಗೊತ್ತಾಗುವುದಿಲ್ಲ ಎಂಬ ಮಾತಿಗೆ ಮಾತ್ರ ನನಗೆ ಈಗಲೂ ಬೇಸರವಿದೆ.

ಹೊಸ ಕಷ್ಟ ಆಮೇಲೆ ಶುರುವಾಯಿತು. ಝೇಬೆಕ್‌ನ ತಾಳ ಒಂಬತ್ತು ಎಣಿಕೆಯದು. ಹುಡುಗನಿಗೆ ಅವನೂರಿನ ಎರಡು, ನಾಲ್ಕರ ಓಟ ರಕ್ತದಲ್ಲೇ ಇದೆ. ಒಂಬತ್ತು ಬಂದರೆ ಕಾಲು ಸಿಕ್ಕಿಕೊಳ್ಳುತ್ತದೆ. ನಡೆಯುವುದು ಎರಡು ಕಾಲಲ್ಲಿ, ಎಣಿಕೆ ಬೆಸ. ಒಂದು ಸುತ್ತು ಬಲಗಾಲಲ್ಲಿ ಶುರುವಾದರೆ ಮುಂದಿನದು ಎಡಗಾಲಲ್ಲಿ ಶುರುವಾಗಿಬಿಡುತ್ತದೆ. ಇಬ್ಬರೂ ಜೊತೆಯಲ್ಲಿ ನಡೆದರೆ ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಾಗುತ್ತಿತ್ತು.

ಆಫೀಸಿನ ಟೆರೇಸಿನಲ್ಲಿ ಅವರ ಅಭ್ಯಾಸ ನೋಡುತ್ತಾ ನಿಂತಿದ್ದಾಗ ನನ್ನ ಬೆರಳು ತಾನಾಗಿ ಕಟಕಟೆಯ ಮೇಲೆ ತಾಳ ಹಾಕತೊಡಗಿತು. ಎರಡು, ಎರಡು, ಎರಡು, ಮೂರು. ಚಿಕ್ಕವಳಿದ್ದಾಗ ಸಂಗೀತದ ಮೇಷ್ಟ್ರು ತೊಡೆ ತಟ್ಟಿಸಿ ಹೇಳಿಸುತ್ತಿದ್ದ ಸಂಕೀರ್ಣ ನಡೆ ಅದು. ತಕ ದಿಮಿ ತಕ ತಕಿಟ. ಒಂಬತ್ತು ಅಕ್ಷರ, ಅದೇ ಪಾಲು. ಇಪ್ಪತ್ತು ವರ್ಷದಿಂದ ಬಾಯಲ್ಲಿ ಬಾರದೆ ಇದ್ದದ್ದು, ಸಾವಿರಾರು ಮೈಲಿ ಆಚೆಯ ಒಂದು ಟೆರೇಸಿನ ಮೇಲೆ ಗಂಟಲಿಗೆ ಬಂದುಬಿಟ್ಟಿತು.

"ಒಂಬತ್ತು ಎಣಿಸಬೇಡ. ನಾಲ್ಕೇ ಹೆಜ್ಜೆ. ತಕಕ್ಕೆ ಒಂದು, ದಿಮಿಗೆ ಒಂದು, ತಕಕ್ಕೆ ಒಂದು, ತಕಿಟಕ್ಕೆ ಒಂದು. ನಾಲ್ಕನೆಯದು ಸ್ವಲ್ಪ ನಿಧಾನ, ಅಷ್ಟೇ" ಎಂದೆ. ನಾಲ್ಕು ಹೆಜ್ಜೆಯಾದರೆ ಪ್ರತಿ ಸುತ್ತೂ ಬಲಗಾಲಲ್ಲೇ ಶುರು. ನಾಲ್ಕನೇ ಹೆಜ್ಜೆಯಲ್ಲಿ ಮೈ ಒಂದು ಗಳಿಗೆ ತಡೆದು ನಿಲ್ಲುತ್ತದೆ, ಝೇಬೆಕ್‌ನ ಗತ್ತು ಇರುವುದೇ ಆ ತಡೆಯಲ್ಲಿ. ಹುಡುಗ ಮೂರು ಸಂಜೆ ಅದನ್ನೇ ಹೇಳಿಕೊಂಡು ನಡೆದ. "ತಕಿಟ" ಎನ್ನುವಾಗ ಅವನ ನಾಲಿಗೆ ಕೊನೆಯ ಟಕಾರದಲ್ಲಿ ಜಾರುತ್ತಿತ್ತು. ಹುಡುಗಿ ಬಟ್ಟೆಯ ಬೂಟು ಹಾಕಿಕೊಂಡು, ಮದುವೆಯ ಗೌನಿನ ಒಳಗೆ ತೊಡುವ ಬಳೆಯಂಥ ಲಂಗ ಕಟ್ಟಿಕೊಂಡು ಪಕ್ಕದಲ್ಲಿ ನಡೆದಳು. ಅರ್ಧ ಮೀಟರಿನ ಹೆಜ್ಜೆ, 24 ಮೀಟರಿಗೆ 48 ಹೆಜ್ಜೆ, ಹನ್ನೆರಡು ಸುತ್ತು. ಗಡಿಯಾರ ಹಿಡಿದು ನೋಡಿದರೆ ಒಂದೂವರೆ ನಿಮಿಷ. ನಲವತ್ತು ಸೆಕೆಂಡಿನ ದಾರಿ ಇಷ್ಟು ಉದ್ದವಾಯಿತು, ನೋಡುವವರಿಗೆ ಕಣ್ತುಂಬ ನೋಡಲು ಸಮಯ ಸಿಕ್ಕಿತು.

ಮದುವೆಗೆ ಎರಡು ದಿನ ಮುಂಚೆ ಮೆಹಂದಿ ರಾತ್ರಿ. ಹುಡುಗಿಗೆ ಕೆಂಪು ಮುಸುಕು ಹೊದಿಸಿ, ಸುತ್ತ ಮೇಣದ ಬತ್ತಿ ಹಿಡಿದು ಹೆಂಗಸರು ಹಾಡುತ್ತಾರೆ. ಎತ್ತರದ ಗುಡ್ಡದ ಮೇಲೆ ಮನೆ ಕಟ್ಟಬೇಡಿ, ದೂರದ ನಾಡಿಗೆ ಹೆಣ್ಣು ಕೊಡಬೇಡಿ ಎಂಬ ಅರ್ಥದ ಜನಪದ ಹಾಡು ಅದು. ಮದುಮಗಳು ಅಳಲೇಬೇಕು, ಅದೂ ಶಾಸ್ತ್ರ. ಅವಳು ಹೋಗುತ್ತಿರುವುದು ಅದೇ ಊರಿನ ಇನ್ನೊಂದು ಬೀದಿಗೆ, ಆದರೂ ಅತ್ತಳು. ನಾನಂತೂ ಅಡುಗೆಮನೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಏನೂ ವಿಶೇಷವಿರಲಿಲ್ಲ, ಊಟ ಆಯ್ತಾ ಎಂದು ಕೇಳಿ ಇಟ್ಟೆ. ಅಳುವ ಹಾಡು ತನ್ನ ಜಾಗದಲ್ಲಿ ಆಗಲೇ ಆಗಿಹೋಗಿದ್ದರಿಂದ, ಒಳಗೆ ಬರುವ ಸಂಗೀತಕ್ಕೆ ಇನ್ನು ಆ ಭಾರ ಬೇಡ ಎಂದು ನನಗೆ ಆ ರಾತ್ರಿ ಇನ್ನಷ್ಟು ಖಾತ್ರಿಯಾಯಿತು.

ಮದುವೆಯ ಸಂಜೆ ವಾದ್ಯದವರು ಮೂವರು ಬಂದರು, ಎರಡು ಜುರ್ನಾ, ಒಂದು ದಾವುಲ್. ಗೇಟಿನ ಹಿಂದೆ ನಿಂತಿದ್ದಾಗ ಹತ್ತಿರ ಹೋಗಿ ನೋಡಿದೆ. ಹಿರಿಯ ಜುರ್ನಾದವರು ಪೀಪಿಯನ್ನು ತುಟಿಯಲ್ಲಿಟ್ಟು ನೆನೆಸುತ್ತಿದ್ದರು, ನಮ್ಮ ವಾಲಗದವರು ಮಾಡುವ ಹಾಗೆಯೇ. ಊದಲು ಶುರುಮಾಡಿದ ಮೇಲೆ ಕೆನ್ನೆ ಎರಡೂ ಉಬ್ಬಿ, ಮೂಗಿನಿಂದ ಉಸಿರು ಒಳಗೆ ಹೋಗುತ್ತಲೇ ಇತ್ತು, ನಾದ ಮಾತ್ರ ಕಡಿಯಲಿಲ್ಲ. ಇನ್ನೊಬ್ಬರು ಒಂದೇ ಸ್ವರ ಹಿಡಿದು ನಿಂತರು, ನಮ್ಮ ಒತ್ತಿನವರ ಹಾಗೆ. ದಾವುಲ್‌ನವನ ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಪೂರ ಕಡ್ಡಿ. ದಪ್ಪ ಕೋಲು ಬಿದ್ದಾಗ ನನ್ನ ಎದೆಗೂಡು ನಡುಗಿತು. ರೆಕಾರ್ಡಿನಲ್ಲಿ ಸಿಗದಿರುವುದು ಇದೇ.

ಗೇಟು ತೆರೆಯಿತು. ಚಪ್ಪಾಳೆ ಮೊದಲ ಸುತ್ತಿನಲ್ಲೇ ಎದ್ದಿತು, ಯಾರೂ ಹೇಳಿಕೊಡದೆ, ಒಂಬತ್ತರ ಜಾಗದಲ್ಲೇ ಬಿತ್ತು. ಓದೆಮಿಶ್‌ನ ಅಜ್ಜಿ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು, ಮಗಳು ಕೂರಿಸಲು ಹೋದರೆ ಕೈ ಸರಿಸಿದರು. ಮದುಮಕ್ಕಳು ಮೂರು ಹೆಜ್ಜೆ ಇಟ್ಟು ನಾಲ್ಕನೆಯದಕ್ಕೆ ತಡೆದು, ಮತ್ತೆ ಮೂರು, ಮತ್ತೆ ತಡೆದು ಬರುತ್ತಿದ್ದರು. ಅವರು ನನ್ನ ಮೇಜು ದಾಟುವಾಗ ಹುಡುಗನ ತುಟಿ ಅಲ್ಲಾಡುತ್ತಿತ್ತು.

ಪಕ್ಕದಲ್ಲಿದ್ದ ಅಮ್ಜಾ ಕಣ್ಣೊರೆಸಿಕೊಳ್ಳುತ್ತಾ ನನ್ನ ಕಡೆ ಬಾಗಿ, "ನನ್ನ ಮಗ ಪ್ರಾರ್ಥನೆ ಮಾಡುತ್ತಿದ್ದಾನಾ?" ಎಂದು ಕೇಳಿದರು.

"ತಾಳ ಹೇಳಿಕೊಳ್ಳುತ್ತಿದ್ದಾನೆ ಅಮ್ಜಾ, ನಮ್ಮೂರಿನ ತಾಳ" ಎಂದೆ.

ಅವರು ತಲೆಯಾಡಿಸಿ, ಜೇಬಿನಿಂದ ನೋಟು ತೆಗೆದು, ಹನ್ನೆರಡನೇ ಸುತ್ತು ಮುಗಿಯುವುದನ್ನೇ ಕಾದು ಎದ್ದು ಹೋದರು. ನೋಟನ್ನು ದಾವುಲ್‌ನ ಹಗ್ಗಕ್ಕೆ ಸಿಕ್ಕಿಸಿ ಕಿರ್‌ಶೆಹಿರ್‌ನ ಹವಾ ಕೇಳಿದರು.