ಇನುಬೋಸಾಕಿ ಲೈಟ್‌ಹೌಸ್ ಮಾದರಿ: ಎರಡನೇ ಗೋಡೆ ಎದ್ದಿತು

ಮುಗಿಯಿತು ಅಂದುಕೊಂಡಿದ್ದ ಗೋಪುರವನ್ನು ಬಿಚ್ಚಿ, ಮೂರು ವಾರದಿಂದ ಮತ್ತೆ ಬುಡದಿಂದ ಕಟ್ಟುತ್ತಿದ್ದೇನೆ. ಕಾರಣ ಗೋಡೆ.

ಇನುಬೋಸಾಕಿ ಇರುವುದು ಜಪಾನಿನ ಚೀಬಾ ಪ್ರಾಂತ್ಯದ ಚೋಶಿಯಲ್ಲಿ, ಪೆಸಿಫಿಕ್ ಕಡಲಿಗೆ ಚಾಚಿದ ಭೂಶಿರದ ಮೇಲೆ. ಕಟ್ಟಿಸಿದವರು ಸ್ಕಾಟ್ಲೆಂಡಿನ ಎಂಜಿನಿಯರ್ ರಿಚರ್ಡ್ ಹೆನ್ರಿ ಬ್ರಂಟನ್. ಮೊದಲು ದೀಪ ಹೊತ್ತಿದ್ದು 1874ರ ನವೆಂಬರ್ 15ರಂದು. ಎತ್ತರ 31 ಮೀಟರ್ ಚಿಲ್ಲರೆ. 1:100 ಅಳತೆಯಲ್ಲಿ ನನ್ನದು 31 ಸೆಂ.ಮೀ.

ನನ್ನನ್ನು ಹಿಡಿದಿಟ್ಟದ್ದು ಅದರ ಇಟ್ಟಿಗೆಯ ಕಥೆ. ಜಪಾನಿನಲ್ಲಿ ಸುಟ್ಟ ಇಟ್ಟಿಗೆಯ ಮೇಲೆ ಬ್ರಂಟನ್‌ಗೆ ನಂಬಿಕೆ ಇರಲಿಲ್ಲ. ನಕಜಾವಾ ಎಂಬ ಜಪಾನಿ ಎಂಜಿನಿಯರ್ ಪಟ್ಟು ಬಿಡಲಿಲ್ಲ. ಒಳ್ಳೆ ಮಣ್ಣು ಹುಡುಕಿ, ಸುಮಾರು 1,93,000 ಇಟ್ಟಿಗೆ ಸುಡಿಸಿದರು. ಗೋಪುರ ಎದ್ದದ್ದು ಅವುಗಳಿಂದಲೇ. ಆದರೂ ಬ್ರಂಟನ್‌ಗೆ ಧೈರ್ಯ ಸಾಲದೆ ಗೋಡೆಯನ್ನು ಎರಡು ಸುತ್ತು ಕಟ್ಟಿಸಿದರಂತೆ. ಒಳಗೊಂದು, ಹೊರಗೊಂದು. 1923ರ ಕಾಂತೋ ಭೂಕಂಪಕ್ಕೆ ಟೋಕಿಯೋ ಕೊಲ್ಲಿಯ ಕನ್ನೊನ್‌ಸಾಕಿ ಲೈಟ್‌ಹೌಸ್ ಬಿದ್ದುಹೋಯಿತು, ಇದು ನಿಂತಿತು. 2011ರ ದೊಡ್ಡ ಭೂಕಂಪಕ್ಕೂ ನಿಂತಿತು. ಇಷ್ಟು ತಿಳಿದ ಮೇಲೆ ಒಂದೇ ಗೋಡೆ ಇಟ್ಟುಕೊಂಡು ಸುಮ್ನೆ ಇರೋಕೆ ಆಗುತ್ತಾ?

ಈಗ ಒಳಗಿನ ಸುತ್ತು ಕಾರ್ಡ್‌ಬೋರ್ಡ್ ಕೊಳವೆ. ಹೊರಗಿನದು ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ. ಎರಡೂ ಕಾಣಲಿ ಅಂತ ಒಂದು ಬದಿ ಸೀಳಿ ತೆರೆದಿಟ್ಟಿದ್ದೇನೆ.

ಒಳಗೆ 99 ಮೆಟ್ಟಿಲು. ಒಂದೊಂದೂ 2 ಮಿ.ಮೀ. ದಪ್ಪ. ಹಳೆಯ ಲಗ್ನಪತ್ರಿಕೆಗಳನ್ನು ಮೂರು ಪದರ ಅಂಟಿಸಿ ಕತ್ತರಿಸುತ್ತಿದ್ದೇನೆ. ಅರಿಶಿನ ಹಚ್ಚಿದ ಅಂಚು ಕೆಲವು ಮೆಟ್ಟಿಲಲ್ಲಿ ಹಾಗೇ ಉಳಿದಿದೆ. 62 ಕೂರಿಸಿ ಆಯಿತು.

ದೀಪಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಇನುಬೋಸಾಕಿ 15 ಸೆಕೆಂಡಿಗೊಮ್ಮೆ ಬಿಳಿಯಾಗಿ ಮಿಂಚುತ್ತದೆ. ಆರ್ಡುಯಿನೋಗೆ (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಅಷ್ಟು ಹೇಳಿಕೊಟ್ಟರೆ ಎಲ್‌ಇಡಿ ಪಟ್ಟಂತ ಹತ್ತಿ ಪಟ್ಟಂತ ಆರಿತು, ಬೈಕಿನ ಇಂಡಿಕೇಟರ್ ಥರ. ನಿಜವಾದ ದೀಪ ಹತ್ತಿ ಆರುವುದಿಲ್ಲ. ಬೆಳಕನ್ನು ಕೋಲಿನಂತೆ ಒಟ್ಟುಗೂಡಿಸುವ ದೊಡ್ಡ ಫ್ರೆನೆಲ್ ಲೆನ್ಸ್ ತಿರುಗುತ್ತದೆ. ಅದರ ಬೆಳಕಿನ ಕೋಲು ನಮ್ಮ ಕಣ್ಣಿನ ಮೇಲೆ ಹಾದುಹೋಗುವ ಆ ಗಳಿಗೆಯೇ ಮಿಂಚು. ಹಾಗಾಗಿ ಬೆಳಕು ಏರಿ ಇಳಿಯುವಂತೆ ಕೋಡ್ ಬದಲಾಯಿಸಿದೆ. ರಾತ್ರಿ ಲೈಟ್ ಆರಿಸಿ, ಮಗಳ ಜೊತೆ ಕೂತು ಎಣಿಸಿದೆವು. ಹದಿನಾಲ್ಕು, ಹದಿನೈದು... ಗೋಡೆಯ ಮೇಲೆ ಬೆಳಕು ಮೆಲ್ಲಗೆ ಏರಿ ಇಳಿಯಿತು. "ಇನ್ನೊಂದ್ಸಲ ಅಪ್ಪಾ" ಅಂದಳು.

ಮುಂದಿನದು ಪಕ್ಕದ ಸೈರನ್ ಮನೆ, ಮಂಜು ಕವಿದಾಗ ಹಡಗುಗಳಿಗೆ ಕೂಗಿ ಎಚ್ಚರಿಸುತ್ತಿದ್ದದ್ದು. 1910ರ ಕಬ್ಬಿಣದ ಕಟ್ಟಡ, ಅರ್ಧ ಪೀಪಾಯಿ ಮಗುಚಿಟ್ಟಂಥ ಛಾವಣಿ. 2008ರಲ್ಲಿ ಅದರ ಕೂಗು ನಿಂತಿತು. ತೆಳು ತಗಡು ತಂದಿಟ್ಟಿದ್ದೇನೆ, ಭಾನುವಾರ ಬಗ್ಗಿಸಬೇಕು.