ಫೋನಿಗೆ ಕಂಡ ವೈಫೈ ಡಬ್ಬಿಗೆ ಕಾಣಲಿಲ್ಲ

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಉಷ್ಣಾಂಶ ಬರೆದಿಡೋ ಡೆಬಿಯನ್ ಲಿನಕ್ಸ್ ಕಂಪ್ಯೂಟರ್ ಕೂರಿಸಿದ್ದು ನಾನೇ. ಗೋಡೆ ಕೊರೆದರೆ ತಂಪು ಸೋರುತ್ತೆ ಅಂತ ಕೇಬಲ್ ಬೇಡ ಅಂದಿದ್ದರು. ಅದಕ್ಕೇ ಯುಎಸ್‌ಬಿ ವೈಫೈ ಡಾಂಗಲ್. ಎರಡು ವರ್ಷ ತಕರಾರಿಲ್ಲ. ಒಂದು ಸೋಮವಾರ, ಅದೂ ಮಾರ್ಕೆಟ್ ದಿನ, ಮ್ಯಾನೇಜರ್ ಕಾಕಾರ ಫೋನ್: "ರಾತ್ರಿ ಕರೆಂಟ್ ಹೋಗಿ ಬಂದಾಗಿಂದ ನಿನ್ನ ಡಬ್ಬಿ ಮಾತಾಡವಲ್ದು ನೋಡಪಾ."

ಹುಬ್ಬಳ್ಳಿಯಿಂದ ಬಸ್ ಹತ್ತಿದೆ. ಹೋಗಿ ನೋಡಿದರೆ ಕಾಕಾರ ಫೋನಿನಲ್ಲಿ ವೈಫೈ ಸರಾಗ. ಅಂದಮೇಲೆ ರೂಟರ್ ನೆಟ್ಟಗಿದೆ, ತೊಂದರೆ ಪಾಸ್‌ವರ್ಡಿನದೇ ಅಂತ ನನ್ನಷ್ಟಕ್ಕೆ ತೀರ್ಪು ಕೊಟ್ಟುಬಿಟ್ಟೆ. ಎಡವಿದ್ದೇ ಇಲ್ಲಿ. ಪಾಸ್‌ವರ್ಡ್ ಬದಲಿಸಿದೆ, ಡಬ್ಬಿ ಜಪ್ಪಯ್ಯ ಅನ್ನಲಿಲ್ಲ, ತೂಕದ ಹುಡುಗರ ಫೋನುಗಳೆಲ್ಲ ಮಾತ್ರ ಕಡಿದುಹೋದವು. ಡಾಂಗಲ್ ಬದಲಿಸಿದೆ, ಅದೇ ಕಥೆ. "ಫೋನ್‌ನಾಗ ಬರ್ತೈತಿ, ಇದಕ್ಕ್ಯಾಕ ಬರಂಗಿಲ್ಲೋ ತಮ್ಮಾ?" ಅಂದರು ಕಾಕಾ. ಬಾಯಿಗೆ ಉತ್ತರ ಬರಲಿಲ್ಲ.

ಚಹಾ ಕುಡಿದು ಬಂದು, ಮೊದಲೇ ನೋಡಬೇಕಿದ್ದನ್ನು ಆಗ ನೋಡಿದೆ. ವೈಫೈಗೆ ಸೇರಿಸೋ ಲಿನಕ್ಸ್ ಪ್ರೋಗ್ರಾಂ ಡಬ್ಲ್ಯೂಪಿಎ ಸಪ್ಲಿಕೆಂಟ್‌ನ ಸ್ಥಿತಿ ಕೇಳಿದರೆ ‘ಸ್ಕ್ಯಾನಿಂಗ್’, ಅಂದರೆ ಇನ್ನೂ ಹುಡುಕುತ್ತಿದ್ದೇನೆ, ಅಂತಿತ್ತು. ಪಾಸ್‌ವರ್ಡ್ ತಪ್ಪಿದ್ದರೆ ಪಾಸ್‌ವರ್ಡ್ ತಾಳೆ ನೋಡೋ ‘ಫೋರ್ ವೇ ಹ್ಯಾಂಡ್‌ಶೇಕ್’ತನಕ ಹೋಗಿ ಬೀಳುತ್ತಿತ್ತು. ಇದಕ್ಕೆ ಕೀಲಿಯ ಮಾತು ಹಾಗಿರಲಿ, ಮನೆಯೇ ಸಿಕ್ಕಿರಲಿಲ್ಲ.

ರೂಟರ್ ಒಳಗೆ ಇಣುಕಿದೆ. ಚಾನೆಲ್, ಅಂದರೆ ವೈಫೈ ಸಂಕೇತ ಓಡೋ ದಾರಿಯ ನಂಬರು, ‘ಆಟೊ’ದಲ್ಲಿತ್ತು, ಕರೆಂಟ್ ಬಂದಮೇಲೆ 13ಕ್ಕೆ ಹೋಗಿ ಕೂತಿದೆ. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೂ ಬಳಸಬಹುದು, ಅಮೆರಿಕದ ಲೆಕ್ಕ ಹಿಡಿದರೆ ಲಿನಕ್ಸ್ 11ಕ್ಕೇ ನಿಲ್ಲುತ್ತದೆ. ಯಾವ ಚಾನೆಲ್ ತೆರೆದಿದೆ ಅಂತ ತೋರಿಸೋ ‘ಐಡಬ್ಲ್ಯೂ ಲಿಸ್ಟ್’ ಕಮಾಂಡ್ ಕೊಟ್ಟೆ: 2467, 2472 ಮೆಗಾಹರ್ಟ್ಸ್ (12, 13ನೇ ಚಾನೆಲ್) ಮುಂದೆ ‘ಡಿಸೇಬಲ್ಡ್’. ಸೆಟ್ಟಿಂಗ್ ಫೈಲ್ ತೆರೆದೆ, ಮೇಲೆಯೇ ಇತ್ತು ‘ಕಂಟ್ರಿ=ಯುಎಸ್’! ಎಲ್ಲಿಂದಲೋ ನಕಲು ಹೊಡೆದಿದ್ದ ಫೈಲದು. ವೈಫೈ ಹೆಸರು, ಪಾಸ್‌ವರ್ಡ್ ತಿದ್ದಿ ದೇಶವನ್ನು ಹಾಗೇ ಬಿಟ್ಟಿದ್ದೆ. ಮೆಣಸಿನಕಾಯಿ ಚೀಲಗಳ ನಡುವೆ ಕೂತ ಡಬ್ಬಿ ಎರಡು ವರ್ಷದಿಂದ ತಾನು ಅಮೆರಿಕದಲ್ಲಿದ್ದೇನೆ ಅಂದುಕೊಂಡಿತ್ತು. ಫೋನುಗಳಿಗೆ ಈ ಗೊಂದಲ ಇರಲಿಲ್ಲ, ಅವು ಮೊಬೈಲ್ ನೆಟ್‌ವರ್ಕ್ ನೋಡಿ ದೇಶ ತಿಳಿದುಕೊಳ್ಳುತ್ತವೆ.

‘ಐಎನ್’ ಅಂತ ತಿದ್ದಿ ಮತ್ತೆ ಶುರು ಮಾಡಿದೆ. 13ರಲ್ಲೇ ಸೇರಿಕೊಂಡಿತು. ಖಾತ್ರಿಯಾದ ಮೇಲೆ ‘ಆಟೊ’ ತೆಗೆದು ರೂಟರನ್ನು 6ಕ್ಕೆ ಕಟ್ಟಿಹಾಕಿದೆ. ಹಳೇ ಯಂತ್ರಗಳಿಗೂ ಅದು ಕಾಣುತ್ತದೆ. ಹುಡುಗರ ಫೋನುಗಳಿಗೆ ಒಂದೊಂದಾಗಿ ಹೊಸ ಪಾಸ್‌ವರ್ಡ್ ಹಾಕಿಕೊಡುವಷ್ಟರಲ್ಲಿ ಮಧ್ಯಾಹ್ನದ ಬಸ್ ತಪ್ಪಿತು.

ಅದೇ ಫೈಲನ್ನು ಇನ್ನೂ ನಾಲ್ಕು ಕಡೆ ಹಾಕಿದ್ದೆ. ಮೂರು ಕಡೆ ಕೇಬಲ್ ಕೂಡ ಇದೆ, ಹುಬ್ಬಳ್ಳಿಯಲ್ಲಿ ಕೂತೇ ತಿದ್ದಿದೆ. ಗದಗದ್ದು ಬರೀ ವೈಫೈ ಮೇಲಿದೆ. ಅದನ್ನು ಇಲ್ಲಿಂದ ಮುಟ್ಟೋದು ಕೂತ ಕೊಂಬೆ ಕಡಿಯೋ ಕೆಲಸ. ಗುರುವಾರ ನಾನೇ ಹೋಗ್ತಿದ್ದೀನಿ.