ತಿಂಡಿ ಬಿಟ್ಟು ಬ್ರಂಚ್‌ಗೆ ಹೋದ ಭಾನುವಾರ

ಭಾನುವಾರ, 12 ಅಕ್ಟೋಬರ್ 2025

ಹೋಟೆಲ್‌ನವರು ರೂಮ್ ಜೊತೆಗೇ ತಿಂಡಿ ಫ್ರೀ ಕೊಡ್ತಾರೆ, ಆದ್ರೂ ಇವತ್ತು ಬೇಕಂತಲೇ ಬಿಟ್ವಿ. ನಿನ್ನೆ ನೋಡಿದ್ನಲ್ಲ ಆ ಬಫೆ, ಅಗಲವಾದ ಸ್ಟೀಲ್ ಟ್ರೇ, ಕೆಳಗೆ ಬಿಸಿನೀರು, ಅದ್ರಲ್ಲಿ ಬೆಳಿಗ್ಗೆಯಿಂದ ಕೂತಿರೋ ಸ್ಕ್ರ್ಯಾಂಬಲ್ಡ್ ಎಗ್. ಮೊಟ್ಟೆ ಒಲೆಯಿಂದ ಇಳಿಸಿದ್ಮೇಲೂ ಒಳಗಿನ ಬಿಸೀಲೇ ಬೇಯ್ತಾ ಇರುತ್ತೆ, ಇನ್ನು ಬಿಸಿ ಟ್ರೇಲಿ ಇಟ್ರೆ ಕೇಳೋದೇ ಬೇಡ, ನೀರು ಬಿಟ್ಕೊಂಡು ರಬ್ಬರ್ ಆಗೋಗಿರುತ್ತೆ. ತಂಗಿ "ಅಕ್ಕ, ಫ್ರೀ ಸಿಗೋದನ್ನ ಯಾರಾದ್ರೂ ಬಿಡ್ತಾರಾ?" ಅಂತ ಗೊಣಗಿದ್ಲು, ಗೊಣಗ್ತಾನೇ ಇನ್ನೊಂದು ನಿದ್ದೆ ತೆಗೆದ್ಲು.

ಹನ್ನೊಂದಕ್ಕೆ ಬ್ರಂಚ್‌ಗೆ, ಅಂದ್ರೆ ತಿಂಡಿ ಊಟ ಎರಡೂ ಸೇರಿಸಿ ಒಂದೇ ಸಲ ತಿನ್ನೋಕೆ, ಹೊರಟ್ವಿ. ಮೇನ್ ರೋಡ್ ಬಿಟ್ಟು ಹಿಂದಿನ ಬೀದಿಗೆ ಹೋದ್ರೆ ಬರೀ ಮನೆಗಳು, ಅದ್ರ ಮಧ್ಯ ಐದಾರು ಟೇಬಲ್ ಇರೋ ಒಂದು ಪುಟ್ಟ ಜಾಗ. ಮೆನು ಅಂದ್ರೆ ಗೋಡೆ ಮೇಲಿನ ಕಪ್ಪು ಹಲಗೇಲಿ ಸೀಮೆಸುಣ್ಣದಲ್ಲಿ ಬರೆದ ನಾಲ್ಕು ಸಾಲು. ನಂಗೆ ಇಂಥ ಚಿಕ್ಕ ಮೆನು ಕಂಡ್ರೆ ನಂಬಿಕೆ ಬರುತ್ತೆ. ಆಮ್ಲೆಟ್‌ಗೆ ಹಾಕೋ ಅಣಬೇನೇ ಟೋಸ್ಟ್ ಮೇಲೂ ಬರುತ್ತೆ, ಟೋಸ್ಟ್‌ನ ಬ್ರೆಡ್ಡೇ ಸಿಹಿ ಮಾಡಿ ಫ್ರೆಂಚ್ ಟೋಸ್ಟ್ ಆಗುತ್ತೆ, ಅಂದ್ರೆ ತಂದಿದ್ದು ಅವತ್ತೇ ಖಾಲಿ ಆಗುತ್ತೆ, ಫ್ರಿಜ್‌ನಲ್ಲಿ ಕೊಳೆಯೋಕೆ ಏನೂ ಉಳಿಯಲ್ಲ. ಎಂಟು ಪುಟದ ಮೆನು ಕೊಡೋ ಕಡೆ ಫ್ರೀಜರ್ ಎಷ್ಟು ದೊಡ್ಡದಿರ್ಬೇಕು ಯೋಚ್ನೆ ಮಾಡಿ.

ಅಡುಗೆ ಮಾಡೋದು ಕೌಂಟರ್ ಹಿಂದೇನೇ, ಕೂತಲ್ಲಿಂದ ಕಾಣ್ತಿತ್ತು. ಒಬ್ರೇ ಹೆಂಗಸು. ನಾನು ಪೋಚ್ಡ್ ಎಗ್, ಅಂದ್ರೆ ಸಿಪ್ಪೆ ಒಡೆದು ಬಿಸಿನೀರಲ್ಲಿ ಬೇಯಿಸೋ ಮೊಟ್ಟೆ, ಹೇಳಿದ್ದೆ, ಅವ್ರು ಮೊಟ್ಟೆ ಒಡೆದು ಮೊದ್ಲು ಸಣ್ಣ ಜರಡಿಗೆ ಹಾಕಿದ್ರು. ಮೊಟ್ಟೆ ಹಳೇದಾದಷ್ಟೂ ಬಿಳಿ ನೀರಾಗ್ತಾ ಹೋಗುತ್ತೆ, ಆ ನೀರೇ ಪಾತ್ರೇಲಿ ಎಳೆಎಳೆಯಾಗಿ ಹರಡಿ ಗಲೀಜು ಮಾಡೋದು, ಜರಡೀಲಿ ಅದು ಇಳಿದುಹೋಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತೆ. ಆಮೇಲೆ ಕುದಿ ಬರದ ಹಾಗೆ ಸಣ್ಣ ಉರಿ. ಬಿಳಿ ಸುಮಾರು 62 ಡಿಗ್ರಿಗೇ ಗಟ್ಟಿ ಆಗೋಕೆ ಶುರು ಆಗುತ್ತೆ, ಹಳದಿ 65 ದಾಟಬೇಕು, ಅದೂ ಅಲ್ದೆ ಬಿಸಿ ಒಳಗಿನ ತನಕ ಹೋಗೋಕೆ ಟೈಮ್ ತಗೊಳ್ಳುತ್ತೆ, ಅಷ್ಟರೊಳಗೆ ಎತ್ತಿಬಿಡ್ಬೇಕು. ಅವ್ರು ಗಡಿಯಾರ ನೋಡ್ಲೇ ಇಲ್ಲ! ಜಾಲರಿ ಸೌಟಲ್ಲಿ ಎತ್ತಿ ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ ಒಂದನ್ನ ಮತ್ತೆ ನೀರಿಗೆ ಬಿಟ್ರು.

ಮೇಲೆ ಹಾಲಂಡೇಸ್ ಸಾಸ್. ಹಳದಿ, ಬೆಣ್ಣೆ, ನಿಂಬೆರಸ ಅಷ್ಟೇ, ಆದ್ರೆ ಬಿಸಿ ಜಾಸ್ತಿ ಆದ್ರೆ ಒಡೆದುಹೋಗುತ್ತೆ, ಆರಿದ್ರೆ ಬೆಣ್ಣೆ ಗಟ್ಟಿಯಾಗುತ್ತೆ, ತುಂಬಾ ಹೊತ್ತು ಮಾಡಿಡೋಕೂ ಆಗಲ್ಲ. ಚಾಕು ಇಟ್ಟ ತಕ್ಷಣ ಹಳದಿ ಹರಿದು ಸಾಸ್ ಜೊತೆ ಸೇರಿ ಬ್ರೆಡ್ಡಿನ ತೂತಿಗೆಲ್ಲಾ ಇಳೀತು, ನಾನು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ತಂಗಿ ಫ್ರೆಂಚ್ ಟೋಸ್ಟ್ ತಗೊಂಡಿದ್ಲು, ಚೆನ್ನಾಗಿತ್ತು, ನನ್ನ ಪ್ರಕಾರ ಸಿಹಿ ಜಾಸ್ತಿ.

1895ರಲ್ಲೇ ಗೈ ಬೆರಿಂಜರ್ ಅನ್ನೋ ಇಂಗ್ಲಿಷ್ ಬರಹಗಾರ ಪತ್ರಿಕೇಲಿ ಬ್ರಂಚ್ ಪರವಾಗಿ ವಾದ ಮಾಡಿದ್ದ, ಶನಿವಾರ ರಾತ್ರಿ ಲೇಟಾಗಿ ಮಲಗೋರು ಭಾನುವಾರ ಬೇಗ ಏಳೋ ಕಷ್ಟ ತಪ್ಪುತ್ತೆ ಅಂತ. ನನ್ನ ಕೇಳಿದ್ರೆ ಟೂರ್ ಬಂದೋರಿಗೆ ಇದು ಇನ್ನೂ ಅನುಕೂಲ. ಬೆಳಿಗ್ಗೆ ಓಡ್ಬೇಕಾಗಿಲ್ಲ, ಮಧ್ಯಾಹ್ನ ಮ್ಯೂಸಿಯಂ ಮಧ್ಯ ಬಿಟ್ಟು ಊಟ ಹುಡ್ಕೊಂಡು ಅಲೀಬೇಕಾಗೂ ಇಲ್ಲ. ಪಕ್ಕದ ಟೇಬಲ್‌ನ ವಯಸ್ಸಾದೋರು ನಾವು ಹೋಗೋ ಮುಂಚೆನೇ ಕೂತಿದ್ರು, ನಾವು ಏಳೋವಾಗ್ಲೂ ಅದೇ ಪೇಪರ್ ಓದ್ತಾ ಇದ್ರು, ಯಾರೂ ಅವ್ರ ಹತ್ರ ಬಿಲ್ ಇಡ್ಲಿಲ್ಲ. ನಾವೂ ಎರಡನೇ ಕಾಫಿ ಹೇಳಿದ್ವಿ.

ನಾಳೆ ಸೋಮವಾರ ಅವ್ರಿಗೆ ರಜೆ ಅಂತೆ, ಬಾಗಿಲ ಮೇಲೆ ಚೀಟಿ ಇತ್ತು. ಮಂಗಳವಾರ ನಮ್ಮ ಟ್ರೈನ್ ಮಧ್ಯಾಹ್ನ, ಬ್ಯಾಗ್ ಎಲ್ಲಾ ತಗೊಂಡೇ ಬರೋಣ ಅಂತ ತಂಗೀನೇ ಹೇಳಿದ್ಲು, ಫ್ರೀ ತಿಂಡಿ ಬಗ್ಗೆ ಈಗ ಅವಳು ಸುದ್ದಿನೇ ಎತ್ತಲ್ಲ.